ಅತಿಥಿಯಾಗುವ ವಿದ್ಯೆ

ಕಲಘಟಗಿ ತಾಲ್ಲೂಕಿನ ದೇವಿಕೊಪ್ಪದಂಥ ಊರಿನಲ್ಲಿ, ಬಂದವರಿಗೆ ಚಹ ಕೊಡುವುದೂ ಒಂದು ವಿದ್ಯೆಯೆಂದು ಯಾರೂ ಎಣಿಸುವುದಿಲ್ಲ. ನೀರು ಕುದಿಯಬೇಕು, ಪುಡಿ ಬೀಳಬೇಕು, ಹಾಲು ಸಕ್ಕರೆ ಸೇರಬೇಕು, ಅಷ್ಟೆ. ಅದಕ್ಕಾಗಿ ಗುರುವಿನ ಮುಂದೆ ವರ್ಷಗಟ್ಟಲೆ ಕೂಡಬೇಕೆಂದರೆ ಮನೆಯ ಹಿರಿಯರು ನಕ್ಕಾರು. ಜಪಾನಿನಲ್ಲಿ ಹಾಗೆ ಕೂಡುವವರುಂಟು.

1191ರಲ್ಲಿ ಐಸೈ ಎಂಬ ಬೌದ್ಧ ಭಿಕ್ಷು ಚೀನಾದಿಂದ ಮರಳುವಾಗ ಚಹದ ಬೀಜಗಳನ್ನು ತಂದನೆಂದು ಅಲ್ಲಿಯವರ ಹೇಳಿಕೆ. ಚಹ ನೀಡುವ ವಿಧಿಗೆ ಅದರ ಸರಳ ಗಾಂಭೀರ್ಯವನ್ನು ಕೊಟ್ಟವನು ಸೆನ್ ನೊ ರಿಕ್ಯೂ (1522–1591). ಅವನ ಪರಂಪರೆಯ ಒಮೊಟೆಸೆಂಕೆ, ಉರಸೆಂಕೆ, ಮುಷಾಕೋಜಿಸೆಂಕೆ ಎಂಬ ಮೂರು ಮನೆತನಗಳು ಕ್ಯೋಟೋ ನಗರದಲ್ಲಿ ಇಂದಿಗೂ ಈ ವಿದ್ಯೆಯನ್ನು ಉಳಿಸಿಕೊಂಡು ಬಂದಿವೆ.

ಹೊಸ ವಿದ್ಯಾರ್ಥಿನಿ ಮೊದಲು ಕಲಿಯುವುದು ಚಹ ಮಾಡುವುದನ್ನಲ್ಲ. ಚಾಪೆಯ ಮೇಲೆ ನಡೆಯುವುದು, ಕುಳಿತು ನಮಿಸುವುದು, ರೇಷ್ಮೆಯ ವಸ್ತ್ರವನ್ನು ಮಡಿಚುವುದು: ಇವನ್ನೆಲ್ಲ ಬಿಡಿಬಿಡಿಯಾಗಿ ಅಭ್ಯಾಸ ಮಾಡಬೇಕು. ಹಸಿರು ಪುಡಿಗೆ ಬಿಸಿನೀರೆರೆದು ಬಿದಿರಿನ ಪುಟ್ಟ ಕಡೆಗೋಲಿನಿಂದ ಕಡೆಯುವ ಸರದಿ ಆಮೇಲೆ. ಅದಕ್ಕೆ ಹಾಲೂ ಇಲ್ಲ, ಸಕ್ಕರೆಯೂ ಇಲ್ಲ. ಸಿಹಿತಿನಿಸನ್ನು ಮೊದಲೇ ತಿಂದು ಮುಗಿಸಿರಬೇಕು.

ಆದರೆ ಈ ವಿದ್ಯೆ ಒಬ್ಬರಿಂದ ಸಾಗುವಂಥದಲ್ಲ. ಒಬ್ಬಳು ಆತಿಥೇಯಳಾದರೆ ಉಳಿದ ಸಹಪಾಠಿಗಳು ಅತಿಥಿಗಳು. ಮುಂದಿನ ಸರದಿಯಲ್ಲಿ ಪಾತ್ರ ಬದಲಾಗುತ್ತದೆ. ಬಟ್ಟಲು ಬಂದೊಡನೆ ತುಟಿಗೇರಿಸುವಂತಿಲ್ಲ. ಪಕ್ಕದವಳಿಗೆ ತಲೆಬಾಗಿ, ನಿಮಗಿಂತ ಮೊದಲು ಕುಡಿಯುತ್ತಿದ್ದೇನೆ ಎಂದು ಕ್ಷಮೆ ಕೇಳಬೇಕು. ಬಟ್ಟಲಿನ ಚೆಲುವಾದ ಮುಖಕ್ಕೆ ತುಟಿ ತಗುಲದಂತೆ ಅದನ್ನು ತಿರುಗಿಸಬೇಕು. ಗೆಳತಿಯ ಕೈ ತಪ್ಪಿದಾಗ ಗುರು ತಿದ್ದುವ ಮಾತು, ನೋಡುತ್ತ ಕುಳಿತವರಿಗೂ ಪಾಠವೇ.

ಧಾರವಾಡ ಸೀಮೆಗೆ ಈ ಕ್ರಮ ತೀರ ಹೊಸದೇನಲ್ಲ. ಕುಂದಗೋಳದ ಸವಾಯಿ ಗಂಧರ್ವರ (1886–1952) ಬಳಿ ಭೀಮಸೇನ ಜೋಶಿಯವರು ಗುರುಗೃಹದಲ್ಲಿದ್ದು ಕಲಿತರು, ನೀರನ್ನೂ ಹೊತ್ತರು. ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಕಲಿತರು. ಒಬ್ಬರಿಗೆ ಹೇಳಿದ ಪಾಠವನ್ನು ಇನ್ನೊಬ್ಬರು ಕೇಳಿ ಕಲಿಯುವುದು ಆ ಶಿಕ್ಷಣದ ಜೀವಾಳ.

ಜಪಾನಿನ ಚಹದ ಕೋಣೆಯ ಬಾಗಿಲು ಎರಡಡಿಗಿಂತ ತುಸುವೇ ಎತ್ತರ. ಹಿಂದೆ ಖಡ್ಗಧಾರಿಯಾದ ವೀರನೂ ಖಡ್ಗವನ್ನು ಹೊರಗಿಟ್ಟು ಬಗ್ಗಿ ನುಸುಳಬೇಕಾಗಿತ್ತು. ಒಳಗೆ, ಗಾಢವಾದ ಚಹವನ್ನು ಅತಿಥಿಗಳೆಲ್ಲ ಒಂದೇ ಬಟ್ಟಲಿನಿಂದ ಸರದಿಯಂತೆ ಕುಡಿಯುವುದು ಸಂಪ್ರದಾಯ.

ಭಾರತದ ಓದುಗರು ತಡೆದು ಯೋಚಿಸಬೇಕಾದದ್ದು ಇಲ್ಲಿಯೇ. ಚಹದಂಗಡಿಯಲ್ಲಿ ಜಾತಿಯ ಕಾರಣಕ್ಕೆ ಕೆಲವರಿಗೆ ಬೇರೆ ಲೋಟವಿಡುವುದನ್ನು 1955ರ ಅಸ್ಪೃಶ್ಯತಾ ನಿವಾರಣೆಯ ಕಾನೂನು ಅಪರಾಧವೆಂದು ಸಾರಿತು. ಅಂಗಡಿಯ ಲೋಟವನ್ನು ಕಾನೂನು ಕೇಳೀತು. ಮನೆಗೆಲಸದವಳಿಗೆಂದು ಕಿಟಕಿಯಲ್ಲಿ ಬೇರೆಯಾಗಿ ಇಟ್ಟ ಲೋಟವನ್ನು ಮನೆಯವರೇ ಕದಲಿಸಬೇಕು. ಅದಕ್ಕೆ ಬಿದಿರಿನ ಕಡೆಗೋಲು ಬೇಡ, ರೇಷ್ಮೆಯ ವಸ್ತ್ರವೂ ಬೇಡ. ಮನೆಯ ಮಕ್ಕಳು ನೋಡುತ್ತಿರುತ್ತಾರೆ, ನೋಡಿಯೇ ಕಲಿಯುತ್ತಾರೆ.