ಪುಸ್ತಕದಲ್ಲಿಟ್ಟ ನವಿಲುಗರಿ ಮರಿ ಹಾಕುತ್ತದೆಯೇ? ಪುಟಗುರುತಿಗೆ ಏನಿಡಬಹುದು, ಏನಿಡಬಾರದು?

ಧರ್ಮಸ್ಥಳಕ್ಕೆ ಹೋಗಿ ಬಂದವರ ಚೀಲದಲ್ಲಿ ಗಂಧ-ಕುಂಕುಮದ ಪೊಟ್ಟಣ, ಪ್ರಸಾದದ ಹೂವು, ಬಸ್ ಟಿಕೆಟ್ ಇದ್ದೇ ಇರುತ್ತವೆ. ಜೊತೆಗೊಂದು ಪುಸ್ತಕವಿದ್ದರೆ ಇವುಗಳಲ್ಲೊಂದು ಪುಟಗುರುತಾಗಿ ಅದರೊಳಗೆ ಸೇರುತ್ತದೆ. ಮನೆಯಲ್ಲಾದರೆ ನವಿಲುಗರಿ, ಅಶ್ವತ್ಥದ ಎಲೆ, ಹೇರ್‌ಪಿನ್, ಪೇಪರ್ ಚೂರು. ಇವು ಪುಸ್ತಕಕ್ಕೆ ಏನು ಮಾಡುತ್ತವೆ?

ನಂಬಿಕೆ 1: ನವಿಲುಗರಿಗೆ ಪೆನ್ಸಿಲ್ ಹೊಟ್ಟು ಹಾಕಿದರೆ ಮರಿ ಹಾಕುತ್ತದೆ

ಸುಳ್ಳು. ಗರಿಯು ನಮ್ಮ ಉಗುರು, ಕೂದಲಿನಂತೆ ಕೆರಾಟಿನ್ ಎಂಬ ಪ್ರೋಟೀನ್‌ನಿಂದ ಆದದ್ದು. ಉದುರಿದ ಗರಿಯಲ್ಲಿ ಜೀವವಿಲ್ಲ, ಅದು ಬೆಳೆಯುವುದೂ ಇಲ್ಲ. ಪುಟಗಳ ನಡುವೆ ಒತ್ತಿ ಕಳಚಿದ ಸಣ್ಣ ಎಳೆಗಳನ್ನೇ ನಾವು ಮರಿ ಎಂದು ನಂಬಿದ್ದೆವು!

ನಂಬಿಕೆ 2: ನವಿಲುಗರಿ ಇಟ್ಟರೆ ಪುಸ್ತಕಕ್ಕೆ ಹುಳ ಬರುವುದಿಲ್ಲ

ಇದೂ ಸುಳ್ಳು. ಉಣ್ಣೆ ಬಟ್ಟೆ ತಿನ್ನುವ ಕೆಲವು ಹುಳಗಳ ಮರಿಗಳಿಗೆ ಗರಿಯೇ ಆಹಾರ. ಗರಿ ಇಡುವುದೇ ಆದರೆ ಆಗಾಗ ತೆಗೆದು ನೋಡಿ, ಕೊಡವಿ ಇಡಿ.

ಉಳಿದವುಗಳ ಕಥೆ

ಹಸಿ ಹೂವು, ಎಲೆ: ಇವುಗಳ ನೀರಿನಂಶವನ್ನು ಕಾಗದ ಹೀರುತ್ತದೆ. ಕರಾವಳಿಯ ಮಳೆಗಾಲದಲ್ಲಿ ಗಾಳಿಯೂ ತೇವ, ಬೂಷ್ಟು ಹಿಡಿಯಲು ಅಷ್ಟು ಸಾಕು. ಪ್ರಸಾದದ ಹೂವನ್ನು ಚೆನ್ನಾಗಿ ಒಣಗಿಸಿ, ಕಾಗದದ ಲಕೋಟೆಯಲ್ಲಿ ಬೇರೆಯೇ ಇಡಿ. ಕುಂಕುಮದ ಕಲೆಯಂತೂ ಸುಲಭಕ್ಕೆ ಹೋಗದು.

ಪಿನ್, ಕ್ಲಿಪ್: ಕಬ್ಬಿಣ ತುಕ್ಕು ಹಿಡಿದು ಪುಟದ ಮೇಲೆ ಕಂದು ಕಲೆ ಬಿಡುತ್ತದೆ. ಆ ಜಾಗದಲ್ಲಿ ಕಾಗದದ ನಾರು ಸಡಿಲವಾಗಿ ಮುರಿಯುತ್ತದೆ.

ಪೇಪರ್ ಚೂರು: ದಿನಪತ್ರಿಕೆಯ ಕಾಗದದಲ್ಲಿ ಮರದ ಲಿಗ್ನಿನ್ ಉಳಿದಿರುತ್ತದೆ. ಕಾಲ ಕಳೆದಂತೆ ಅದು ಹಳದಿಯಾಗಿ ಆಮ್ಲ ಬಿಡುತ್ತದೆ. ಪಕ್ಕದ ಪುಟಕ್ಕೂ ಆ ಬಣ್ಣ ಇಳಿಯುತ್ತದೆ.

ಬಸ್ ಟಿಕೆಟ್: ಕಂಡಕ್ಟರ್ ಮೆಷಿನ್‌ನಿಂದ ಹರಿದು ಕೊಡುವುದು ಸಾಮಾನ್ಯವಾಗಿ ಥರ್ಮಲ್ ಕಾಗದ. ಅದರಲ್ಲಿ ಶಾಯಿಯಿಲ್ಲ, ಬಿಸಿ ತಾಗಿದಲ್ಲಿ ಕಾಗದದ ಲೇಪನವೇ ಕಪ್ಪಾಗುತ್ತದೆ. ಪ್ರವಾಸದ ನೆನಪಿಗೆಂದು ಇಟ್ಟರೆ ಕೆಲವು ವರ್ಷಗಳಲ್ಲಿ ಅಕ್ಷರ ಮಾಸುತ್ತದೆ. ನೆನಪು ಬೇಕಿದ್ದರೆ ಫೋಟೊ ತೆಗೆದಿಡಿ.

ತಾಳೆಗರಿಗೆ ಪುಟಗುರುತು ಎಲ್ಲಿತ್ತು?

ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿ ಗ್ರಂಥಗಳಿವೆ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಉಳಿದು ಬಂದ ಧವಳಾ ಗ್ರಂಥಗಳೂ ತಾಳೆಗರಿಯವೇ. ಇಂಥ ಗ್ರಂಥಗಳಲ್ಲಿ ಗರಿಗೆ ರಂಧ್ರ ಮಾಡಿ ದಾರ ಪೋಣಿಸುತ್ತಿದ್ದರು, ಗರಿಗಳಿಗೆ ಸಂಖ್ಯೆ ಹಾಕುತ್ತಿದ್ದರು, ಮೇಲೆ ಕೆಳಗೆ ಮರದ ಹಲಗೆ ಇಟ್ಟು ಕಟ್ಟುತ್ತಿದ್ದರು. ಎಲ್ಲಿಗೆ ನಿಲ್ಲಿಸಿದೆವೆಂದು ತಿಳಿಯಲು ಗರಿಯ ಸಂಖ್ಯೆ ನೆನಪಿದ್ದರೆ ಸಾಕು. ಹುಳ ಬಾರದಂತೆ ಮಜ್ಜಿಗೆಹುಲ್ಲಿನ ಎಣ್ಣೆ ಸವರುವ ರೂಢಿಯೂ ಇತ್ತು. ಆದರೆ ಆ ಉಪಾಯ ತಾಳೆಗರಿಗೆ ಮಾತ್ರ. ಕಾಗದದ ಪುಸ್ತಕಕ್ಕೆ ಎಣ್ಣೆ ಹಚ್ಚಲು ಹೋಗಬೇಡಿ.

ಹಾಗಾದರೆ ಏನಿಡಬೇಕು?

ಬಣ್ಣ ಬಿಡದ ಹತ್ತಿಯ ದಾರ ಅಥವಾ ಬಿಳಿ ಡ್ರಾಯಿಂಗ್ ಹಾಳೆಯ ತೆಳು ಪಟ್ಟಿ ಸಾಕು. ಪುಟದ ಮೂಲೆ ಮಡಚಬೇಡಿ, ಮಡಿಕೆ ಬಿದ್ದಲ್ಲೇ ಹರಿಯುತ್ತದೆ. ಪೆನ್ನು ಇಟ್ಟು ಮುಚ್ಚಿದರೆ ಬೈಂಡಿಂಗ್ ಬಿಡುತ್ತದೆ. ಮುಖ್ಯವಾಗಿ, ಓದಿ ಮುಗಿದ ಮೇಲೆ ಗುರುತನ್ನು ಹೊರಗೆ ತೆಗೆಯಿರಿ. ಎರಡು ದಿನ ಇಟ್ಟ ಪೇಪರ್ ಚೂರಿನಿಂದ ದೊಡ್ಡ ಹಾನಿಯಿಲ್ಲ. ಇಪ್ಪತ್ತು ವರ್ಷ ಮರೆತರೆ ಕಷ್ಟ.

ಅಜ್ಜನ ಕಾಲದ ಪುಸ್ತಕ ಮನೆಯಲ್ಲಿದ್ದರೆ ಇಂದೇ ಒಮ್ಮೆ ತೆರೆದು ನೋಡಿ. ನವಿಲುಗರಿಯ ಮೆಸೇಜ್ ಮತ್ತೆ ಬಂದರೆ, ಫಾರ್ವರ್ಡ್ ಮಾಡುವ ಬದಲು ಇದನ್ನು ಕಳಿಸಿ.