ಟ್ಯೂಷನ್ ಎಂಬ ಕಾವಲು

ಮದ್ದೂರು ತಾಲೂಕಿನ ಭಾರತೀನಗರವನ್ನು ಹಳಬರು ಈಗಲೂ ಕೆ.ಎಂ. ದೊಡ್ಡಿ ಎನ್ನುತ್ತಾರೆ. ಹೆಸರು ಬದಲಾದರೂ ಊರು ಅದೇ. ಕೆಲವು ಪದಗಳ ಕತೆ ಇದಕ್ಕೆ ತಿರುಗುಮುರುಗು. ಹೆಸರು ಹಾಗೆಯೇ ಉಳಿದು ಅರ್ಥ ಬದಲಾಗುತ್ತದೆ. ‘ಟ್ಯೂಷನ್’ ಅಂಥದ್ದೊಂದು ಪದ.

ಇದರ ಮೂಲ ಲ್ಯಾಟಿನ್. ಅಲ್ಲಿ ಕಾಯುವುದು, ನೋಡಿಕೊಳ್ಳುವುದು ಎಂದರ್ಥ. ರೋಮನ್ ಕಾನೂನಿನಲ್ಲಿ ತಂದೆಯಿಲ್ಲದ ಮಗುವಿನ ಪೋಷಕನಿಗೆ ‘ಟ್ಯೂಟರ್’ ಎಂದು ಹೆಸರು. ಇಂಗ್ಲಿಷಿಗೆ ಬಂದಾಗಲೂ ಮೊದಲು ಟ್ಯೂಷನ್ ಎಂದರೆ ರಕ್ಷಣೆಯೇ ಆಗಿತ್ತು. ಪಾಠ ಹೇಳುವುದು ಎಂಬ ಅರ್ಥ ಆಮೇಲೆ ಬಂತು. ಅಮೆರಿಕದಲ್ಲಿ ಇಂದು ಅದು ಕಾಲೇಜಿಗೆ ಕಟ್ಟುವ ಶುಲ್ಕ. ನಮ್ಮಲ್ಲಿ ಶಾಲೆ ಬಿಟ್ಟ ಮೇಲೆ ಹಣ ಕೊಟ್ಟು ಕಲಿಯುವ ಪಾಠ.

ಜಿ. ಮಾದೇಗೌಡರು ಭಾರತೀ ವಿದ್ಯಾಸಂಸ್ಥೆ ಕಟ್ಟಿದ ಈ ಊರಿಗೆ ಸುತ್ತಲ ಹಳ್ಳಿಗಳ ಮಕ್ಕಳು ಓದಲು ಬರುತ್ತಾರೆ. ಬಸ್ಸಿಗೇ ಹಣ ಹೊಂದಿಸಬೇಕಾದ ಮನೆಯವರು ಟ್ಯೂಷನ್ನಿಗೆ ಎಲ್ಲಿಂದ ತರಬೇಕು? 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್, ಶಾಲಾ ಶಿಕ್ಷಕರು ಖಾಸಗಿ ಟ್ಯೂಷನ್ ಹೇಳುವುದನ್ನು ನಿಷೇಧಿಸಿದೆ. ತರಗತಿಯಲ್ಲಿ ಸಿಗಬೇಕಾದ ಪಾಠ ತರಗತಿಯಲ್ಲೇ ಸಿಗಬೇಕು. ಅದನ್ನು ಶಾಲೆಯಲ್ಲಿ ಕೇಳುವ ಹಕ್ಕು ನಿಮಗಿದೆ.

ಅಗತ್ಯವಿದ್ದರೆ ಮಗುವನ್ನು ಟ್ಯೂಷನ್ನಿಗೆ ಕಳಿಸಿ. ಆದರೆ ಫೀಸು ಕಟ್ಟಿದಲ್ಲಿಗೆ ಹೊಣೆ ಮುಗಿಯಿತೆಂದು ಭಾವಿಸದಿರಿ. ರಾತ್ರಿ ಊಟಕ್ಕೆ ಕುಳಿತಾಗ, “ಇವತ್ತು ಯಾವ ಪಾಠ ಅರ್ಥ ಆಗಲಿಲ್ಲ ಮಗಾ?” ಎಂದು ಕೇಳಿ. ನಿಮಗೆ ಅಕ್ಷರ ಬಾರದಿದ್ದರೂ ಇಷ್ಟು ಕೇಳಲು ಬರುತ್ತದೆ. ಹಳೆಯ ಅರ್ಥದ ಆ ಟ್ಯೂಷನ್ನಿಗೆ ಫೀಸಿಲ್ಲ. ಅದನ್ನು ಕೊಡಬೇಕಾದವರು ತಾಯಿ ತಂದೆಯರೇ.