ದ್ರೋಣರಿಗೆ ಎಷ್ಟು ಸಂಬಳ?

ಬಾವಿಯಲ್ಲಿ ಬಿದ್ದ ಚೆಂಡನ್ನು ಹುಲ್ಲುಕಡ್ಡಿಗಳ ಸರದಿಂದ ಮೇಲೆತ್ತಿಕೊಟ್ಟ ಬಡ ಬ್ರಾಹ್ಮಣನಿಗೆ ಹಸ್ತಿನಾವತಿಯಲ್ಲಿ ಉದ್ಯೋಗ ದೊರೆತ ಕಥೆಯನ್ನು ನಮ್ಮಲ್ಲಿ ಅರಿಯದವರು ವಿರಳ. ಭೀಷ್ಮರು ದ್ರೋಣರನ್ನು ಕರೆಸಿ ಮೊಮ್ಮಕ್ಕಳನ್ನು ಒಪ್ಪಿಸಿದರು. ಮನೆ, ಧನ, ಧಾನ್ಯಗಳನ್ನು ಕೊಟ್ಟರು. ಆದರೆ ಅವಧಿ ಇಂತಿಷ್ಟು ವರ್ಷ, ವೇತನ ಇಂತಿಷ್ಟು, ಶಿಷ್ಯರು ಸೋತು ಗುರುವನ್ನು ಬಿಡಿಸಬೇಕಾಗಿ ಬಂದರೆ ಪರಿಹಾರ ಇಂತಿಷ್ಟು ಎಂದು ಕರಾರುಪತ್ರ ಬರೆದುದಾಗಿ ನಾನು ಎಲ್ಲಿಯೂ ಓದಿಲ್ಲ. ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ಬ್ಯಾಸ್ಕೆಟ್‌ಬಾಲ್ ಕಲಿಸುವ ತರಬೇತುದಾರರ ನೇಮಕದ ವಾರ್ತೆಗಳನ್ನು ಗಮನಿಸುವಾಗಲೆಲ್ಲ ನನಗೆ ಈ ಕಥೆ ನೆನಪಾಗುತ್ತದೆ. ಅಲ್ಲಿ ಚೆಂಡಿಗಿಂತ ಕರಾರುಪತ್ರವೇ ದೊಡ್ಡದು.

ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. ಕೆಂಟಕಿ ವಿಶ್ವವಿದ್ಯಾನಿಲಯವು ಸರಕಾರಿ ಸಂಸ್ಥೆ. ಅದರ ಪುರುಷರ ತಂಡವು ಎಂಟು ಬಾರಿ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದಿದೆ. ಅಲ್ಲಿಗೆ ೨೦೦೯ರಲ್ಲಿ ಬಂದ ಜಾನ್ ಕ್ಯಾಲಿಪಾರಿಯವರು ೨೦೧೨ರಲ್ಲಿ ಆ ಎಂಟನೆಯ ಪ್ರಶಸ್ತಿಯನ್ನು ತಂದುಕೊಟ್ಟರು. ೨೦೧೯ರಲ್ಲಿ ಅವರೊಡನೆ ಹತ್ತು ವರ್ಷಗಳ ಒಪ್ಪಂದವಾಯಿತು. ಮೊತ್ತ ೮ ಕೋಟಿ ೬೦ ಲಕ್ಷ ಡಾಲರು. ಜನರು ಅದನ್ನು ಜೀವಮಾನದ ಒಪ್ಪಂದವೆಂದು ಕರೆದರು. ಬಳಿಕ ತಂಡದ ಭಾಗ್ಯ ಇಳಿಮುಖವಾಯಿತು. ೨೦೨೪ರ ಮಾರ್ಚಿಯಲ್ಲಿ, ರಾಷ್ಟ್ರೀಯ ಪಂದ್ಯಾವಳಿಯ ಮೊದಲ ಸುತ್ತಿನಲ್ಲಿಯೇ, ಓಕ್‌ಲೆಂಡ್ ಎಂಬ ಅಷ್ಟೇನೂ ಹೆಸರಿಲ್ಲದ ತಂಡಕ್ಕೆ ಕೆಂಟಕಿ ಸೋತಿತು. ಅಭಿಮಾನಿಗಳು ಕೆರಳಿದರು. ಆದರೆ ಕ್ಯಾಲಿಪಾರಿಯವರನ್ನು ಬಿಡಿಸುವುದಾದರೆ ಕೊಡಬೇಕಾದ ಪರಿಹಾರ ೩ ಕೋಟಿ ೩೦ ಲಕ್ಷ ಡಾಲರನ್ನು ಮೀರುತ್ತಿತ್ತು. ಹೀಗೆ ಗುರುವನ್ನು ಇಟ್ಟುಕೊಳ್ಳುವುದೂ ಕಷ್ಟ, ಕಳುಹಿಸುವುದೂ ಕಷ್ಟ ಎಂಬ ಸ್ಥಿತಿಯೊದಗಿತು. ಏಪ್ರಿಲ್‌ನಲ್ಲಿ ಅವರು ತಾವಾಗಿಯೇ ಅರ್ಕನ್ಸಾಸ್ ವಿಶ್ವವಿದ್ಯಾನಿಲಯಕ್ಕೆ ಹೊರಟುಹೋದರು.

ಮುಂದಿನ ಕೆಲವು ದಿನ ಕೆಂಟಕಿಯಲ್ಲಿ ನಡೆದುದು ಸ್ವಯಂವರದಂತಿತ್ತು. ಬೇಲರ್ ವಿಶ್ವವಿದ್ಯಾನಿಲಯದ ಸ್ಕಾಟ್ ಡ್ರೂ ಅವರು ತಾವಿದ್ದಲ್ಲಿಯೇ ಇರುವುದಾಗಿ ತಿಳಿಸಿಬಿಟ್ಟರು. ಕೊನೆಗೆ ಹಾರ ಬಿದ್ದುದು ಮಾರ್ಕ್ ಪೋಪ್ ಅವರ ಕೊರಳಿಗೆ. ೧೯೯೬ರಲ್ಲಿ ಪ್ರಶಸ್ತಿ ಗೆದ್ದ ಕೆಂಟಕಿ ತಂಡದ ನಾಯಕರಲ್ಲಿ ಅವರೊಬ್ಬರು. ಐದು ವರ್ಷಕ್ಕೆ ೨ ಕೋಟಿ ೭೫ ಲಕ್ಷ ಡಾಲರು ಎಂದು ನಿಶ್ಚಯವಾಯಿತು. ಅವರನ್ನು ಪರಿಚಯಿಸಿದ ದಿನ, ಆಟವೇ ಇಲ್ಲದಿದ್ದರೂ, ರಪ್ ಕ್ರೀಡಾಂಗಣವು ಜನರಿಂದ ತುಂಬಿಹೋಗಿತ್ತು.

ಇದು ಬರಿಯ ಆಟದ ಹುಚ್ಚು ಎಂದು ನಕ್ಕುಬಿಡುವುದು ಸುಲಭ. ನನಗಾದರೋ ಇದರ ಮೂಲ ಬೇರೆಡೆಯಲ್ಲಿದೆಯೆಂದು ತೋರುತ್ತದೆ. ಅಮೆರಿಕದ ಕಾಲೇಜು ಕ್ರೀಡೆಗಳನ್ನು ಆಳುವ ಎನ್.ಸಿ.ಎ.ಎ. ಎಂಬ ಸಂಘವು ೨೦೧೦ರಲ್ಲಿ ತನ್ನ ವಾರ್ಷಿಕ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯ ಪ್ರಸಾರದ ಹಕ್ಕನ್ನು ೧೪ ವರ್ಷಗಳಿಗೆ ೧೦೮೦ ಕೋಟಿ ಡಾಲರಿಗೆ ಮಾರಿತು. ೨೦೧೬ರಲ್ಲಿ ಇನ್ನೂ ೮೮೦ ಕೋಟಿಗೆ ಆ ಕರಾರನ್ನು ೨೦೩೨ರವರೆಗೆ ಬೆಳೆಸಿತು. ಇಷ್ಟು ಹಣವನ್ನು ತರುವವರು ಯಾರು? ಅಂಗಣದಲ್ಲಿ ಬೆವರು ಸುರಿಸುವ ಹುಡುಗರು. ಅವರಿಗೆ ಸಲ್ಲುತ್ತಿದ್ದುದು ಬೋಧನಾಶುಲ್ಕ, ವಸತಿ, ಊಟ, ಪುಸ್ತಕ ಮುಂತಾದ ಓದಿನ ಖರ್ಚು ಮಾತ್ರ. ಅವರು ಹವ್ಯಾಸಿಗಳು, ಅವರಿಗೆ ಕೂಲಿ ಸಲ್ಲದು ಎಂಬುದು ಸಂಘದ ನಿಯಮ. ನೀರನ್ನು ಒಂದು ಕಾಲುವೆಗೆ ಬಿಡದಿದ್ದರೆ ಅದು ಇನ್ನೊಂದು ಕಾಲುವೆಯಲ್ಲಿ ಹರಿಯಲೇಬೇಕಷ್ಟೆ. ಆಟಗಾರನಿಗೆ ಕೊಡಬಾರದ ಹಣವು ಭವ್ಯ ಕ್ರೀಡಾಂಗಣಗಳಿಗೂ, ಒಳ್ಳೆಯ ಆಟಗಾರನನ್ನು ಒಲಿಸಿ ಕರೆತರಬಲ್ಲ ತರಬೇತುದಾರನಿಗೂ ಹರಿಯಿತು. ಗುರುವಿನ ಬೆಲೆ ಏರಿದುದು ಶಿಷ್ಯನಿಗೆ ಬೆಲೆಯಿಲ್ಲದ ಕಾರಣದಿಂದ. ಏಕಲವ್ಯನ ಹೆಬ್ಬೆರಳು ಇಲ್ಲಿ ಬೇರೆ ರೂಪದಲ್ಲಿ ಕಾಣಿಸುತ್ತದೆ. ಮೊಣಕಾಲು ಮುರಿದುಕೊಂಡು ಆಟವನ್ನೇ ಬಿಟ್ಟ ಹುಡುಗರಿಗೆ ಸಂಬಳವೂ ಇರಲಿಲ್ಲ, ಪರಿಹಾರದ ಕರಾರೂ ಇರಲಿಲ್ಲ.

ತರಬೇತುದಾರರ ವೇತನಕ್ಕೆ ಮಿತಿ ಹಾಕುವ ಯತ್ನವೇ ನಡೆಯಲಿಲ್ಲವೆಂದಲ್ಲ. ೧೯೯೧ರಲ್ಲಿ ಎನ್.ಸಿ.ಎ.ಎ. ಕೆಲವು ಸಹಾಯಕ ತರಬೇತುದಾರರ ವರಮಾನವನ್ನು ವರ್ಷಕ್ಕೆ ೧೬,೦೦೦ ಡಾಲರಿಗೆ ಕಟ್ಟಿಹಾಕುವ ನಿಯಮವನ್ನು ಮಾಡಿತು. ದೊಡ್ಡ ಗುರುಗಳನ್ನು ಮುಟ್ಟುವ ಧೈರ್ಯವಿಲ್ಲದೆ ಸಣ್ಣವರ ಮೇಲೆ ಬಿದ್ದ ಭಾರವದು. ಅವರು ನ್ಯಾಯಾಲಯದ ಮೆಟ್ಟಿಲೇರಿದರು. ಉದ್ಯೋಗದಾತರು ಒಟ್ಟಾಗಿ ವೇತನವನ್ನು ನಿಗದಿ ಮಾಡುವುದು ಏಕಸ್ವಾಮ್ಯ ವಿರೋಧಿ ಕಾನೂನಿಗೆ ವಿರುದ್ಧವೆಂದು ೧೯೯೮ರಲ್ಲಿ ಮೇಲ್ಮನವಿಯಲ್ಲೂ ತೀರ್ಪಾಯಿತು. ಮರುವರ್ಷ ಸಂಘವು ೫ ಕೋಟಿ ೪೫ ಲಕ್ಷ ಡಾಲರು ತೆರಲು ಒಪ್ಪಿತು. ಅದೇ ಕಾನೂನಿನ ನೆರಳು ವಿದ್ಯಾರ್ಥಿಗಳ ಮೇಲೆ ಬೀಳುವುದಕ್ಕೆ ಮತ್ತೂ ಎರಡು ದಶಕಗಳು ಹಿಡಿದುವು. ೨೦೨೧ರ ಜೂನ್‌ನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಓದಿಗೆ ಸಂಬಂಧಿಸಿದ ಸೌಲಭ್ಯಗಳಿಗೆ ಸಂಘವು ಹಾಕಿದ್ದ ಮಿತಿಯನ್ನು ಒಮ್ಮತದಿಂದ ತಳ್ಳಿಹಾಕಿತು. ಮರುತಿಂಗಳಿನಿಂದ ಆಟಗಾರರು ತಮ್ಮ ಹೆಸರನ್ನೂ ಚಿತ್ರವನ್ನೂ ಜಾಹೀರಾತಿಗೆ ಮಾರಬಹುದೆಂದಾಯಿತು. ೨೦೨೫ರ ಜೂನ್‌ನಲ್ಲಿ ನ್ಯಾಯಾಲಯವು ಒಪ್ಪಿದ ರಾಜಿಯಂತೆ, ಒಂದೊಂದು ವಿಶ್ವವಿದ್ಯಾನಿಲಯವೂ ಮೊದಲ ವರ್ಷದಲ್ಲಿ ೨ ಕೋಟಿ ೫ ಲಕ್ಷ ಡಾಲರಿನವರೆಗೆ ತನ್ನ ಕ್ರೀಡಾಪಟುಗಳಿಗೆ ನೇರವಾಗಿ ಹಂಚಬಹುದು.

ಹಾಗಾದರೆ ಗುರುಗಳ ಸಂಬಳ ಇಳಿಯಬೇಕಾಗಿತ್ತಲ್ಲವೆ? ಇಳಿಯಲಿಲ್ಲ. ೨೦೨೩ರಲ್ಲಿಯೂ ೨೦೨೪ರಲ್ಲಿಯೂ ಕನೆಕ್ಟಿಕಟ್ ತಂಡಕ್ಕೆ ಪ್ರಶಸ್ತಿಯನ್ನು ಗಳಿಸಿಕೊಟ್ಟ ಡ್ಯಾನ್ ಹರ್ಲಿಯವರು ಲಾಸ್ ಏಂಜಲೀಸ್ ಲೇಕರ್ಸ್ ಎಂಬ ವೃತ್ತಿಪರ ತಂಡದ ಆಹ್ವಾನವನ್ನು ನಿರಾಕರಿಸಿದರು. ೨೦೨೪ರ ಜುಲೈಯಲ್ಲಿ ವಿಶ್ವವಿದ್ಯಾನಿಲಯವು ಅವರಿಗೆ ಆರು ವರ್ಷಕ್ಕೆ ೫ ಕೋಟಿ ಡಾಲರನ್ನು ನಿಶ್ಚಯಿಸಿತು. ಇದಕ್ಕೆ ನನಗೆ ಕಾಣುವ ಕಾರಣವೆಂದರೆ, ತರಬೇತುದಾರನ ಕೆಲಸವೇ ಬದಲಾಗಿದೆ. ಆಟಗಾರರು ಈಗ ವರ್ಷಕ್ಕೊಮ್ಮೆ ಶಾಲೆಯನ್ನು ಬದಲಿಸಬಲ್ಲರು. ಪೋಪ್ ಅವರು ಕೆಂಟಕಿಗೆ ಬಂದಾಗ, ಹಿಂದಿನ ವರ್ಷ ತಂಡಕ್ಕೆ ಅಂಕ ಗಳಿಸಿಕೊಟ್ಟವರಲ್ಲಿ ಒಬ್ಬನೂ ಉಳಿಯಲಿಲ್ಲ. ಕೆಲವೇ ವಾರಗಳಲ್ಲಿ ಅವರು ಹೊಸ ತಂಡವನ್ನೇ ಕಟ್ಟಬೇಕಾಯಿತು. ಆದುದರಿಂದ ಉದ್ಯೋಗಕ್ಕೆ ಬರುವವನು ತನ್ನ ಸಂಬಳದೊಡನೆ ಆಟಗಾರರಿಗಾಗಿ ಇಟ್ಟಿರುವ ಹಣವೆಷ್ಟು ಎಂಬುದನ್ನೂ ಕೇಳಲೇಬೇಕಾಗಿದೆ. ಗುರುವು ಥೈಲಿಯ ಯಜಮಾನನೂ ಆಗಿದ್ದಾನೆ.

ದುಡಿದವನಿಗೆ ಕೂಲಿ ಸಿಗುವುದು ನ್ಯಾಯ. ಅದರ ಬಗೆಗೆ ನನ್ನ ಆಕ್ಷೇಪವಿಲ್ಲ. ಗುರುವಿಗೆ ಕೈತುಂಬ ಕೊಡುವುದಕ್ಕೂ ನಾನು ಕರುಬುವುದಿಲ್ಲ. ನನ್ನನ್ನು ಕಾಡುವುದು ಆ ಪರಿಹಾರದ ಕಲಮು. ೨೦೨೧ರಲ್ಲಿ ಇಂಡಿಯಾನಾ ವಿಶ್ವವಿದ್ಯಾನಿಲಯವು ಆರ್ಚೀ ಮಿಲ್ಲರ್ ಅವರನ್ನು ಬಿಡಿಸಿದಾಗ ಒಂದು ಕೋಟಿ ಡಾಲರಿಗೂ ಮಿಕ್ಕಿ ತೆರಬೇಕಾಯಿತು. ಅದನ್ನು ದಾನಿಗಳು ಭರಿಸಿದರು. ದಾನಿಗಳ ಹಣವಲ್ಲವೇ ಎನ್ನಬಹುದು. ಆದರೆ ಮೇಷ್ಟರೊಬ್ಬರನ್ನು ಬಿಡಿಸುವುದಕ್ಕಾಗಿ ಬಂದ ಆ ದಾನವು ಗ್ರಂಥಾಲಯಕ್ಕೋ ಬಡ ವಿದ್ಯಾರ್ಥಿಗೋ ಬಾರದೆ ಹೋದುದೂ ಅಷ್ಟೇ ನಿಜ. ದಾನಿಗಳಿಲ್ಲದ ಸಣ್ಣ ವಿಶ್ವವಿದ್ಯಾನಿಲಯಗಳಲ್ಲಿ ಕ್ರೀಡಾವಿಭಾಗದ ಕೊರತೆಯನ್ನು ಸಾಮಾನ್ಯ ವಿದ್ಯಾರ್ಥಿಗಳ ಶುಲ್ಕದಿಂದ ತುಂಬುವ ರೂಢಿಯುಂಟು. ಸಾಲ ಮಾಡಿ ಓದುವ ಹುಡುಗಿ, ಒಂದು ಪಂದ್ಯವನ್ನೂ ನೋಡದಿದ್ದರೂ, ತನ್ನ ಪಾಲನ್ನು ತೆರುತ್ತಾಳೆ.

ಈ ಆಟವನ್ನು ೧೮೯೧ರಲ್ಲಿ ಸ್ಪ್ರಿಂಗ್‌ಫೀಲ್ಡಿನಲ್ಲಿ ಹುಟ್ಟಿಸಿದವರು ಜೇಮ್ಸ್ ನೈಸ್ಮಿತ್. ಕ್ಯಾನ್ಸಾಸ್ ವಿಶ್ವವಿದ್ಯಾನಿಲಯವು ೧೮೯೮ರಲ್ಲಿ ಅವರನ್ನು ಕರೆಸಿಕೊಂಡುದು ಪ್ರಾರ್ಥನೆ ನಡೆಸುವುದಕ್ಕೂ ವ್ಯಾಯಾಮ ಕಲಿಸುವುದಕ್ಕೂ. ಅವರ ತಂಡ ೫೫ ಪಂದ್ಯಗಳನ್ನು ಗೆದ್ದು ೬೦ರಲ್ಲಿ ಸೋತಿತು. ಯಾರೂ ಅವರನ್ನು ಬಿಡಿಸಲಿಲ್ಲ. ಪರಿಹಾರದ ಮಾತೂ ಬರಲಿಲ್ಲ. ೧೯೩೭ರವರೆಗೆ ಅವರು ಅಲ್ಲಿಯೇ ಅಧ್ಯಾಪಕರಾಗಿದ್ದರು. ಅದೇ ಕ್ಯಾನ್ಸಾಸ್ ೨೦೨೩ರಲ್ಲಿ ಬಿಲ್ ಸೆಲ್ಫ್ ಅವರೊಡನೆ ಐದು ವರ್ಷಕ್ಕೆ ೫ ಕೋಟಿ ೩೦ ಲಕ್ಷ ಡಾಲರಿನ ಒಪ್ಪಂದ ಮಾಡಿಕೊಂಡಿತು. ಕಾಲ ಹಿಂದಕ್ಕೆ ಸರಿಯಬೇಕೆಂದು ನಾನು ಬಯಸುವುದಿಲ್ಲ. ನೈಸ್ಮಿತ್ತರ ಕಾಲದಲ್ಲಿ ಈ ಆಟ ಕೋಟ್ಯಂತರ ಹಣವನ್ನು ತರುತ್ತಿರಲಿಲ್ಲ.

ಆದರೂ ಒಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಇಷ್ಟೆಲ್ಲ ಹಣ, ಇಷ್ಟೆಲ್ಲ ಗದ್ದಲದ ಬಳಿಕ, ೨೦೨೫ರ ಪಂದ್ಯಾವಳಿಯಲ್ಲಿ ಪೋಪ್ ಅವರ ಕೆಂಟಕಿಯೂ ಕ್ಯಾಲಿಪಾರಿಯವರ ಅರ್ಕನ್ಸಾಸೂ ಕೊನೆಯ ಹದಿನಾರು ತಂಡಗಳ ಸುತ್ತಿನಲ್ಲಿಯೇ, ಒಂದೇ ಮೆಟ್ಟಿಲಿನಲ್ಲಿ, ನಿಂತುಹೋದುವು. ಗೆಲುವನ್ನು ಕರಾರಿನಲ್ಲಿ ಬರೆಸಿಕೊಳ್ಳಲಾಗದು. ಸೋಲಿನ ಪರಿಹಾರವನ್ನು ಮಾತ್ರ ಬರೆಯಬಹುದು. ಸಾರ್ವಜನಿಕ ವಿಶ್ವವಿದ್ಯಾನಿಲಯವೊಂದು ಹೊಸ ಗುರುವನ್ನು ನೇಮಿಸುವಾಗ ಒಂದೆರಡು ವರ್ಷದ ಸಂಬಳಕ್ಕಿಂತ ಹೆಚ್ಚಿನ ಪರಿಹಾರಕ್ಕೆ ಸಹಿ ಹಾಕಬಾರದು. ಆ ಮೊತ್ತವನ್ನು ಯಾರ ಜೇಬಿನಿಂದ ತೆರಲಾಗುವುದೆಂದು ಸಹಿಗೆ ಮುಂಚೆಯೇ ವಿದ್ಯಾರ್ಥಿಗಳಿಗೆ ತಿಳಿಸಬೇಕು. ಇದು ಅತಿಯಾದ ಬೇಡಿಕೆಯೆಂದು ನನಗೆ ತೋರುವುದಿಲ್ಲ.